ಗಾಯವೇ ಇಲ್ಲದೆ ಕಲೆ ಎಲ್ಲಿಂದ ಬಂತು?

ಜುಲೈ ತಿಂಗಳ ಒಂದು ಸಂಜೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಎರಡು ದಿನದಿಂದ ಕರೆಂಟ್ ಇರಲಿಲ್ಲ. ಪಕ್ಕದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೊಡೆ ಮಡಚಿ ಜಗಲಿಯ ಮೂಲೆಗಿಟ್ಟು, ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ಒಳಗೆ ಹೊಟ್ಟೆಯ ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ಎರಡು ಹಾಳೆ. ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿದವನೆಂಬ ಒಂದೇ ಕಾರಣಕ್ಕೆ ಊರಿನ ಇಂಥ ಕಾಗದಗಳೆಲ್ಲ ನನ್ನ ಜಗಲಿಗೂ ಒಮ್ಮೆ ಬಂದು ಹೋಗುತ್ತವೆ. ನಾನು ವೈದ್ಯನಲ್ಲ ಎಂದು ಪ್ರತಿ ಸಲ ಹೇಳುತ್ತೇನೆ. ಪ್ರತಿ ಸಲವೂ ಅವರು ತಲೆಯಾಡಿಸಿ ಹಾಳೆಯನ್ನು ನನ್ನ ಕೈಗೇ ಕೊಡುತ್ತಾರೆ.

ಯಕೃತ್ತಿನ ಮೇಲ್ಮೈ ಒರಟಾಗಿದೆ, ಒಳಗೆ ನಾರುಗಟ್ಟಿರುವ ಲಕ್ಷಣವಿದೆ ಎಂಬುದು ವರದಿಯ ತಾತ್ಪರ್ಯ. ಡಾಕ್ಟರು ಅದನ್ನು ಬಿಡಿಸಿ, ಲಿವರಿನಲ್ಲಿ ಗಾಯದ ಕಲೆ ಬಿದ್ದಿದೆ ಎಂದಿದ್ದರಂತೆ. ರೈಟರ್‌ಗೆ ಸಿಕ್ಕು ಬಿದ್ದದ್ದು ಆ ಮಾತಿನಲ್ಲೇ. ಎಡಗೈ ಹೆಬ್ಬೆರಳಿನ ಬುಡವನ್ನು ಮುಂದೆ ಹಿಡಿದರು. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವಾಗ, ಕತ್ತಿ ಜಾರಿ ಬಿದ್ದ ಏಟಿನ ಬಿಳಿ ಗೆರೆ, ಹೊಲಿಗೆಯ ಚುಕ್ಕೆಗಳ ಸಮೇತ.

"ಇದಕ್ಕೆ ಕತ್ತಿ ತಾಗಿತ್ತು, ರಕ್ತ ಸುರಿದಿತ್ತು. ಲಿವರಿಗೆ ಯಾವ ಕತ್ತಿ ತಾಗಿತು ಮೇಷ್ಟ್ರೇ? ಗಾಯವೇ ಆಗದೆ ಕಲೆ ಎಲ್ಲಿಂದ ಬಂತು?"

ಪಾಠ ಹೇಳಿದಷ್ಟು ವರ್ಷ ಯಾವ ವಿದ್ಯಾರ್ಥಿಯೂ ಇಷ್ಟು ನೆಟ್ಟಗೆ ಕೇಳಿರಲಿಲ್ಲ. ಉತ್ತರದ ಅರ್ಧ ಭಾಗ ಸುಲಭ: ಗಾಯ ಆಗಿದೆ, ದಿನವೂ ಆಗಿದೆ, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ. ಇನ್ನರ್ಧ ಕೇಳಿದವರಿಗೆ ಸಮಾಧಾನವಾಗುವುದು ಕಷ್ಟ. ಏಟು ಕೊಟ್ಟದ್ದು ಮದ್ಯವೋ ವೈರಸ್ಸೋ ಕೊಬ್ಬೋ ಆಗಿರಬಹುದು, ಆದರೆ ಕಲೆಯನ್ನು ಮೂಡಿಸಿದ್ದು ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ. ರೋಗನಿರೋಧಕ ಕೋಶಗಳು ಕೂಗಿ ಕರೆದವು, ದುರಸ್ತಿಯ ಕೋಶಗಳು ಬಂದು ಕಟ್ಟಿದವು, ಸಾಕು ಎಂದು ಹೇಳುವವರು ಯಾರೂ ಇರಲಿಲ್ಲ.

ದುರಸ್ತಿಯೆಂದರೇನು ಎಂದು ಕೊಡಗಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯ ಮೇಲೆ ಗುಡ್ಡ ಜಾರಿದಾಗ ಮೊದಲು ಬಂದದ್ದು ಮಣ್ಣು ತೆಗೆಯುವ ಯಂತ್ರಗಳು, ಆಮೇಲೆ ಮರಳಿನ ಮೂಟೆಗಳು, ಕೊನೆಗೆ ತಡೆಗೋಡೆ. ಮೂರೂ ಬೇಕು, ಅದೇ ಸಾಲಿನಲ್ಲಿ ಬೇಕು. ಗುಡ್ಡ ಒಮ್ಮೆ ಜಾರಿ ನಿಂತರೆ ಕೆಲಸ ಮುಗಿಯುತ್ತದೆ. ದಿನಕ್ಕೊಂದು ಬುಟ್ಟಿ ಮಣ್ಣು ಜಾರುತ್ತಲೇ ಇದ್ದರೆ? ಕೆಲಸದವರು ಬಿಡಾರ ಕೀಳುವುದಿಲ್ಲ. ಗೋಡೆಯ ಮೇಲೆ ಗೋಡೆ ಏಳುತ್ತದೆ, ನೀರು ಬಸಿಯಲೆಂದು ಬಿಟ್ಟ ತೂತುಗಳೂ ಮುಚ್ಚುತ್ತವೆ, ಹಿಂದೆ ನೀರು ಒತ್ತಿ ನಿಲ್ಲುತ್ತದೆ. ಯಕೃತ್ತು, ಶ್ವಾಸಕೋಶ, ಮೂತ್ರಪಿಂಡ, ಹೃದಯ, ಯಾವುದರ ದೀರ್ಘಕಾಲದ ಕಾಯಿಲೆಯನ್ನು ತೆಗೆದುಕೊಂಡರೂ ಕೊನೆಯಲ್ಲಿ ಎದುರಾಗುವುದು ಇಂಥ ಗೋಡೆಯೇ. ವೈದ್ಯಕೀಯದಲ್ಲಿ ಅದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಅದು ಯಕೃತ್ತಿನಲ್ಲಿ ಪೂರ್ತಿ ಬಲಿತು ಅಂಗದ ಆಕಾರವನ್ನೇ ಗಂಟುಗಂಟಾಗಿಸಿದಾಗ ಸಿರೋಸಿಸ್.

ಯಕೃತ್ತಿನ ಒಳಗೆ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಈ ಕತೆ ಅತ್ಯಂತ ಸ್ಪಷ್ಟವಾಗಿ ಗೊತ್ತಿರುವುದು ಅಲ್ಲಿಯೇ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುತ್ತದೆ. ಉಂಡದ್ದು, ಕುಡಿದದ್ದು, ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರು ಎಲ್ಲವೂ ಮೊದಲು ಇಲ್ಲಿ ತಪಾಸಣೆಯಾಗಬೇಕು. ಆ ತಪಾಸಣೆಯ ಗೇಟಿನಲ್ಲಿ ಕೂತಿರುವವರು ಕುಫರ್ ಕೋಶಗಳು. ಇವು ಮ್ಯಾಕ್ರೋಫೇಜ್ ಜಾತಿಗೆ ಸೇರಿದವು, ಅಂದರೆ ಸಿಕ್ಕಿದ ಕಸವನ್ನು ನುಂಗಿ ಅರಗಿಸುವ ಭಕ್ಷಕ ಕೋಶಗಳು. ದೇಹದ ಅಂಗಗಳಲ್ಲಿ ನೆಲೆಯೂರಿರುವ ಭಕ್ಷಕ ಕೋಶಗಳಲ್ಲಿ ಬಹುಪಾಲು ಇರುವುದು ಯಕೃತ್ತಿನಲ್ಲಿ.

ಅವುಗಳ ಪಕ್ಕದಲ್ಲೇ, ಯಕೃತ್ತಿನ ಕೋಶಗಳಿಗೂ ರಕ್ತನಾಳಕ್ಕೂ ನಡುವಿನ ಇರುಕಿನಲ್ಲಿ, ಬೇರೊಂದು ಕೋಶ ಸುಮ್ಮನೆ ಕೂತಿರುತ್ತದೆ. ನಾಲ್ಕೂ ಕಡೆ ಕೈ ಚಾಚಿದಂತಿರುವುದರಿಂದ ಅದಕ್ಕೆ ನಕ್ಷತ್ರ ಕೋಶ ಎನ್ನಬಹುದು. ಆರೋಗ್ಯವಂತನಲ್ಲಿ ಇದರ ಕೆಲಸ ಎ ವಿಟಮಿನ್ನನ್ನು ಹನಿಹನಿಯಾಗಿ ಕೂಡಿಡುವುದು. ದೇಹದ ಎ ವಿಟಮಿನ್ ದಾಸ್ತಾನಿನ ಬಹುಭಾಗ ಇವುಗಳ ಹೊಟ್ಟೆಯಲ್ಲಿದೆ.

ಇಲ್ಲೊಂದು ಉಪಕತೆ ಹೇಳದೆ ಮುಂದೆ ಹೋಗಲಾರೆ. 1876ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಕುಫರ್ ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡದ್ದು ಈ ನಕ್ಷತ್ರ ಕೋಶವನ್ನು. ಮುಂದೆ ಅವರೇ ಇದನ್ನೂ ಭಕ್ಷಕ ಕೋಶವನ್ನೂ ಒಂದೇ ಎಂದು ತಿಳಿದು ಬೆರೆಸಿಬಿಟ್ಟರು. ಅವರ ಹೆಸರು ಅವರು ಮೊದಲು ಕಾಣದ ಕೋಶಕ್ಕೆ ಅಂಟಿಕೊಂಡಿತು. ಎರಡೂ ಬೇರೆ ಬೇರೆ ಎಂದು ಜಪಾನಿನ ಕೆಂಜಿರೊ ವಾಕೆ ಬಿಡಿಸಿ ತೋರಿಸಿದ್ದು 1971ರಲ್ಲಿ. ನುಂಗುವವನು ಯಾರು, ಕಟ್ಟುವವನು ಯಾರು ಎಂದು ತಿಳಿಯಲು 95 ವರ್ಷ ಹಿಡಿಯಿತು. ಆ ತಪ್ಪಿಗೆ ನಾನು ನಗುವುದಿಲ್ಲ. ಇಬ್ಬರೂ ಅಷ್ಟು ಹತ್ತಿರ, ಅಷ್ಟು ಒಡನಾಟದಲ್ಲಿ ಕೆಲಸ ಮಾಡುತ್ತಾರೆ.

ಈಗ ರೈಟರ್ ಕೇಳಿದ ಕತ್ತಿ. ಮದ್ಯ ಯಕೃತ್ತಿನ ಕೋಶಗಳಿಗೆ ನೇರವಾಗಿ ಪೆಟ್ಟು ಕೊಡುತ್ತದೆ, ಅದು ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಕೆಲಸ ಅಷ್ಟು ಗೊತ್ತಿಲ್ಲ: ಕರುಳಿನ ಒಳಪದರದ ಬೆಸುಗೆಯನ್ನು ಸಡಿಲಿಸುತ್ತದೆ. ಆಗ ಬ್ಯಾಕ್ಟೀರಿಯಾಗಳ ಹೊರಕವಚದ ವಿಷಾಂಶ ಸೋರಿ ರಕ್ತದಲ್ಲಿ ಯಕೃತ್ತಿಗೆ ಬರುತ್ತದೆ. ಗೇಟಿನಲ್ಲಿರುವ ಕುಫರ್ ಕೋಶಕ್ಕೆ ಅದು ದಾಳಿಯ ಸುದ್ದಿ. ಸತ್ತ ಯಕೃತ್ತಿನ ಕೋಶಗಳಿಂದ ಚೆಲ್ಲಿದ ವಸ್ತುಗಳು ಆ ಸುದ್ದಿಗೆ ಸಾಕ್ಷಿ ಹೇಳುತ್ತವೆ. ಕುಫರ್ ಕೋಶ ರಾಸಾಯನಿಕ ಕೂಗು ಹಾಕುತ್ತದೆ. ಆ ಕೂಗಿಗೆ ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು ರಕ್ತದಲ್ಲಿ ಹರಿದು ಬಂದು, ಯಕೃತ್ತಿನೊಳಗೆ ನುಗ್ಗಿ, ತಾವೂ ಭಕ್ಷಕ ಕೋಶಗಳಾಗುತ್ತವೆ. ಊರಿನ ಕಾವಲುಗಾರ ಒಬ್ಬನೇ ಇದ್ದಲ್ಲಿ ಹೊರಗಿನಿಂದ ಬಂದ ದಂಡು ಇಳಿದಂತೆ. ಹೊಸಬರಿಗೆ ಮೈಯೆಲ್ಲ ಬಿಸಿ. ಉರಿಯೂತದ ರಾಸಾಯನಿಕಗಳ ಜೊತೆಗೆ ಅವು ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನೂ ಸುರಿಯುತ್ತವೆ. ನಾರುಗಟ್ಟುವಿಕೆಯಲ್ಲಿ ಒಂದೇ ಒಂದು ಹೆಸರು ನೆನಪಿಡಬೇಕೆಂದರೆ ಇದು.

ಟಿಜಿಎಫ್-ಬೀಟಾ ತಾಗಿದ ನಕ್ಷತ್ರ ಕೋಶ ಬೇರೆಯೇ ಆಗಿಬಿಡುತ್ತದೆ. ಕೂಡಿಟ್ಟ ವಿಟಮಿನ್ ಹನಿಗಳನ್ನು ಕಳೆದುಕೊಳ್ಳುತ್ತದೆ, ಮೈ ಹಿಗ್ಗಿಸುತ್ತದೆ, ಸ್ನಾಯುವಿನಂತೆ ಸಂಕುಚಿಸುವ ಎಳೆಗಳನ್ನು ಬೆಳೆಸಿಕೊಳ್ಳುತ್ತದೆ, ಕೊಲಾಜೆನ್ ನೂಲತೊಡಗುತ್ತದೆ. ಕೊಲಾಜೆನ್ ಎಂದರೆ ಹೆಬ್ಬೆರಳಿನ ಆ ಬಿಳಿ ಗೆರೆಯಲ್ಲಿರುವ ಅದೇ ನಾರು. ಹೀಗೆ ವೇಷ ಬದಲಿಸಿದ ಕೋಶಕ್ಕೆ ಮಯೋಫೈಬ್ರೊಬ್ಲಾಸ್ಟ್ ಎಂದು ಹೆಸರು. ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ನಕ್ಷತ್ರ ಕೋಶದ ಬದಲು ಅಲ್ಲಲ್ಲಿನ ನಾರುಕೋಶಗಳು ಇದೇ ವೇಷ ತೊಡುತ್ತವೆ. ವೇಷ ಹಾಕುವವರು ಬೇರೆ, ವೇಷ ಒಂದೇ.

ಇಷ್ಟಕ್ಕೇ ನಿಂತಿದ್ದರೆ ಹೆಬ್ಬೆರಳಿನಂತೆ ಯಕೃತ್ತೂ ಮಾಯುತ್ತಿತ್ತು. ನಿಲ್ಲದಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ಮರುದಿನ ಸಂಜೆ ಮತ್ತೆ ಕತ್ತಿ ಬೀಳುತ್ತದೆ. ಎರಡನೆಯದು ಹೆಚ್ಚು ಕುಟಿಲವಾದದ್ದು. ಟಿಜಿಎಫ್-ಬೀಟಾದ ದೊಡ್ಡ ದಾಸ್ತಾನು ನಾರಿನ ಬಲೆಯಲ್ಲೇ ಬೀಗ ಹಾಕಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅಂಗಾಂಶ ಗಡುಸಾದಷ್ಟೂ, ಕೋಶಗಳು ಆ ಬಲೆಯನ್ನು ಎಳೆದಷ್ಟೂ ಬೀಗ ಕಳಚಿಕೊಳ್ಳುತ್ತದೆ. ನಾರು ನಾರನ್ನೇ ಕರೆಯುತ್ತದೆ. ಒಂದು ಹಂತ ದಾಟಿದ ಮೇಲೆ ಮೂಲ ಪೆಟ್ಟು ಕಡಿಮೆಯಾದರೂ ಕಾಯಿಲೆ ತನ್ನ ಪಾಡಿಗೆ ತಾನು ನಡೆಯುವುದು ಇದರಿಂದಲೇ. ಆ ಹೊತ್ತಿಗೆ ರಕ್ತ ಹರಿಯುವ ದಾರಿ ಕಿರಿದಾಗಿ ಹಿಂದಕ್ಕೆ ಒತ್ತಡ ಏರುತ್ತದೆ, ಗುಲ್ಮ (ಸ್ಪ್ಲೀನ್) ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ತೂತು ಮುಚ್ಚಿದ ತಡೆಗೋಡೆಯ ಹಿಂದೆ ಆಗುವುದೂ ಇದೇ.

ಇಷ್ಟು ಅಪಾಯಕಾರಿ ಚಾಳಿ ದೇಹಕ್ಕೆ ಯಾಕೆ? ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗನೊಬ್ಬ ಹಿಂದೆ ತರಗತಿಯಲ್ಲಿ ಇದನ್ನೇ ಕೇಳಿದ್ದ. ಆಫ್ರಿಕಾದ ಹಲವು ಭಾಗಗಳಲ್ಲಿ ಶಿಸ್ಟೊಸೋಮ ಎಂಬ ಹುಳುವಿನ ಮೊಟ್ಟೆಗಳು ರಕ್ತದಲ್ಲಿ ಬಂದು ಯಕೃತ್ತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮೊಟ್ಟೆ ವಿಷ ಕಾರುತ್ತದೆ, ಭಕ್ಷಕ ಕೋಶಕ್ಕೆ ಅದನ್ನು ನುಂಗಲಾಗದು. ಆಗ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ ಒಂದು ಬಗೆಯವು ಐಎಲ್-13 ಮುಂತಾದ ಸಂದೇಶಗಳನ್ನು ಕಳಿಸಿ, ಮೊಟ್ಟೆಯ ಸುತ್ತ ನಾರಿನ ಗೋಡೆ ಕಟ್ಟಿಸಿ, ಅದನ್ನು ಜೀವಂತ ಸಮಾಧಿ ಮಾಡಿಸುತ್ತವೆ. ಆ ಗೋಡೆ ಜೀವ ಉಳಿಸುತ್ತದೆ. ಮೊಟ್ಟೆಗಳು ಸಾವಿರವಾದಾಗ ಗೋಡೆಗಳೇ ಜೀವ ತೆಗೆಯುತ್ತವೆ. ಹೃದಯಾಘಾತದಲ್ಲೂ ಹಾಗೆಯೇ. ದೊಡ್ಡ ಆಘಾತದಲ್ಲಿ ಸುಮಾರು ನೂರು ಕೋಟಿ ಹೃದಯ ಸ್ನಾಯುಕೋಶಗಳು ಸಾಯಬಹುದು. ಮನುಷ್ಯನ ಹೃದಯ ಅವನ್ನು ಮತ್ತೆ ಹುಟ್ಟಿಸಲಾರದು. ಭಕ್ಷಕ ಕೋಶಗಳು ಸತ್ತದ್ದನ್ನು ತೆರವು ಮಾಡಿ, ನಾರಿನ ತೇಪೆ ಬೇಗ ಬೀಳದಿದ್ದರೆ ಹೃದಯದ ಗೋಡೆ ಬಿರಿದೇ ಹೋದೀತು. ಅಲ್ಲಿ ಕಲೆ ಶತ್ರುವಲ್ಲ. ತೇಪೆ ಹಾಕಿದ ಮೇಲೂ ಸೂಜಿ ನಿಲ್ಲದೆ, ಆರೋಗ್ಯವಾಗಿರುವ ಸ್ನಾಯುವಿನ ನಡುವೆಯೂ ನಾರು ಹೊಲಿಯುತ್ತಾ ಹೋದರೆ ಆಗ ತೊಂದರೆ.

ಹಾಗಾದರೆ ಭಕ್ಷಕ ಕೋಶಗಳನ್ನೇ ತೆಗೆದುಹಾಕಿದರೆ? ಈ ಕ್ಷೇತ್ರದಲ್ಲಿ ನನಗೆ ತೀರ ಇಷ್ಟವಾದ ಪ್ರಯೋಗ ಈ ಪ್ರಶ್ನೆಯದು. 2005ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು ಇಲಿಗಳ ಯಕೃತ್ತಿಗೆ ಪದೇಪದೇ ಪೆಟ್ಟು ಕೊಟ್ಟು ನಾರುಗಟ್ಟಿಸಿತು. ಬೇಕೆಂದಾಗ ಭಕ್ಷಕ ಕೋಶಗಳು ಸಾಯುವಂತೆ ಆ ಇಲಿಗಳ ವಂಶವಾಹಿಯನ್ನು ಮೊದಲೇ ತಿದ್ದಲಾಗಿತ್ತು. ಪೆಟ್ಟು ಬೀಳುತ್ತಿರುವಾಗಲೇ ಭಕ್ಷಕ ಕೋಶಗಳನ್ನು ತೆಗೆದರೆ ಕಲೆ ಕಡಿಮೆಯಾಯಿತು. ಇಲ್ಲಿಯವರೆಗೆ ಎಲ್ಲರೂ ಊಹಿಸಿದ್ದೇ. ಇನ್ನೊಂದು ಗುಂಪಿನಲ್ಲಿ ಪೆಟ್ಟು ನಿಲ್ಲಿಸಿ, ಯಕೃತ್ತು ಚೇತರಿಸಿಕೊಳ್ಳುತ್ತಿದ್ದಾಗ ತೆಗೆದರು. ಕಲೆ ಕರಗುವುದೇ ನಿಂತುಹೋಯಿತು! ನಾರನ್ನು ಕತ್ತರಿಸುವ ಕಿಣ್ವಗಳನ್ನು ಬಿಡುವುದು, ಬೇಡವಾದ ಕೋಶಗಳ ಶವ ಎತ್ತುವುದು ಭಕ್ಷಕ ಕೋಶಗಳದೇ ಕೆಲಸವಾಗಿತ್ತು. ಕಲೆ ಬರೆಯಿಸಿದವರೂ ಅಳಿಸುವವರೂ ಒಂದೇ ಮನೆಯವರು. ಅವರ ಕೈಯಲ್ಲಿ ಬಳಪ ಇದೆಯೋ ಒರೆಸುವ ಬಟ್ಟೆ ಇದೆಯೋ ಎಂಬುದನ್ನು ಸುತ್ತಲಿನ ಸ್ಥಿತಿ ನಿರ್ಧರಿಸುತ್ತದೆ.

ಕಾಲು ಕತ್ತರಿಸಿದರೆ ಹೊಸ ಕಾಲು ಬೆಳೆಸಿಕೊಳ್ಳುವ ಆಕ್ಸೊಲಾಟ್ಲ್ ಎಂಬ ಉಭಯವಾಸಿಯಲ್ಲಿ ಭಕ್ಷಕ ಕೋಶಗಳನ್ನು ಇಲ್ಲವಾಗಿಸಿದಾಗ ಅದೂ ನಮ್ಮಂತೆಯೇ ಕಲೆ ಬೆಳೆಸಿತು, ಕಾಲು ಬೆಳೆಸಲಿಲ್ಲ. ಆಸ್ಟ್ರೇಲಿಯಾದಿಂದ ಈ ಸುದ್ದಿ ಬಂದದ್ದು 2013ರಲ್ಲಿ. ಮನುಷ್ಯರ ಸಿರೋಸಿಸ್ ಯಕೃತ್ತನ್ನು ಒಂದೊಂದೇ ಕೋಶವಾಗಿ ಬಿಡಿಸಿ ಓದಿದ ಎಡಿನ್‌ಬರೋ ವಿಜ್ಞಾನಿಗಳು 2019ರಲ್ಲಿ, ಕಲೆಯ ಜಾಗದಲ್ಲೇ ಗುಂಪುಗೂಡುವ ವಿಶೇಷ ಭಕ್ಷಕ ಕೋಶಗಳನ್ನು ಗುರುತಿಸಿದರು. ರಕ್ತದಿಂದ ಬಂದ ಮೊನೊಸೈಟ್‌ಗಳೇ ಹೀಗೆ ಮಾರ್ಪಟ್ಟು, ನಾರು ನೂಲುವ ಕೋಶಗಳನ್ನು ಹುರಿದುಂಬಿಸುತ್ತಿದ್ದವು. ಅಂದರೆ ಭಕ್ಷಕ ಕೋಶ ಎಂಬ ಒಂದೇ ಹೆಸರಿನ ಕೆಳಗೆ ಹಲವು ಗುಣದವರಿದ್ದಾರೆ. ಕೆಟ್ಟವರನ್ನಷ್ಟೇ ಆರಿಸಿ ತೆಗೆಯುವ ಕನಸು ಅಲ್ಲಿಂದ ಬಲ ಪಡೆಯಿತು.

ಕನಸು ಔಷಧವಾಗುವ ದಾರಿಯಲ್ಲಿ ಬಿದ್ದ ಪೆಟ್ಟುಗಳನ್ನು ಪತ್ರಿಕೆಗಳು ಅಷ್ಟಾಗಿ ಬರೆಯುವುದಿಲ್ಲ. ಹೊರಗಿನ ದಂಡು ಯಕೃತ್ತಿನೊಳಗೆ ಬರದಂತೆ ಬಾಗಿಲು ಹಾಕುವ ಸೆನಿಕ್ರಿವಿರಾಕ್ ಎಂಬ ಮಾತ್ರೆ ಮಧ್ಯಮ ಹಂತದ ಪರೀಕ್ಷೆಯಲ್ಲಿ ಆಸೆ ಹುಟ್ಟಿಸಿತ್ತು. ಮೂರನೇ ಹಂತದಲ್ಲಿ ಪ್ರಯೋಜನ ಕಾಣದೆ 2021ರಲ್ಲಿ ಕೈಬಿಟ್ಟರು. ಕೊಲಾಜೆನ್ ಎಳೆಗಳನ್ನು ಹೆಣೆಯುವ ಕಿಣ್ವಕ್ಕೆ ತಡೆಯೊಡ್ಡಿದ ಸಿಮ್ಟುಜುಮ್ಯಾಬ್ ಕೂಡ ಸೋತಿತು. ನಾರುಗಟ್ಟುವಿಕೆಗೆ ಎದುರಾಗಿ ಕೆಲಸ ಮಾಡುವ ಗಾಮಾ ಇಂಟರ್‌ಫೆರಾನನ್ನು ಶ್ವಾಸಕೋಶದ ಕಾಯಿಲೆಗೆ 826 ಜನರಲ್ಲಿ ಪರೀಕ್ಷಿಸಿ, ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲವೆಂದು 2009ರಲ್ಲಿ ವರದಿಯಾಯಿತು.

ಎಲ್ಲಕ್ಕಿಂತ ಕಹಿಯಾದ ಪಾಠ 2012ರದು. ಕಾರಣ ತಿಳಿಯದೆ ಶ್ವಾಸಕೋಶ ನಾರುಗಟ್ಟುವ ಐಪಿಎಫ್ ಎಂಬ ಕಾಯಿಲೆಗೆ ಆವರೆಗೆ ರೂಢಿಯಲ್ಲಿದ್ದ ಮದ್ದು ರೋಗನಿರೋಧಕ ವ್ಯವಸ್ಥೆಯನ್ನು ಅದುಮುವುದು: ಸ್ಟೀರಾಯ್ಡ್, ಅಜಾಥಿಯೊಪ್ರಿನ್, ಜೊತೆಗೆ ಎನ್-ಅಸಿಟೈಲ್ ಸಿಸ್ಟೀನ್. ತರ್ಕ ಸರಿಯಾಗಿಯೇ ಕಾಣುತ್ತದೆ. ಉರಿಯೂತದಿಂದ ಕಲೆ, ಉರಿಯೂತ ಅಡಗಿಸಿದರೆ ಕಲೆ ಇಲ್ಲ. ಅಮೆರಿಕದಲ್ಲಿ ಅದನ್ನು ಸರಿಯಾಗಿ ಪರೀಕ್ಷೆಗೆ ಹಚ್ಚಿದಾಗ ಮದ್ದು ಪಡೆದ 77 ಜನರಲ್ಲಿ 8 ಸಾವು, ಬರಿಯ ಸಕ್ಕರೆ ಗುಳಿಗೆಯಂಥದ್ದನ್ನು ಪಡೆದ 78 ಜನರಲ್ಲಿ 1 ಸಾವು. ಆಸ್ಪತ್ರೆಗೆ ಸೇರಬೇಕಾಗಿ ಬಂದವರು 23 ಮತ್ತು 7. ಪ್ರಯೋಗದ ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಆ ಕಾಯಿಲೆಯನ್ನು ಸ್ವಲ್ಪ ನಿಧಾನಗೊಳಿಸಲು ಸಾಧ್ಯವಾದದ್ದು ಪಿರ್ಫೆನಿಡೋನ್, ನಿಂಟೆಡನಿಬ್ ಎಂಬ ಔಷಧಗಳಿಂದ. ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಎರಡೂ ಹೆಚ್ಚಾಗಿ ನಾರು ನೂಲುವವರ ಕೈ ಹಿಡಿಯುತ್ತವೆ. ಆಗಲೇ ಬಿದ್ದ ಕಲೆಯನ್ನು ಅವು ಅಳಿಸುವುದಿಲ್ಲ.

ಶ್ವಾಸಕೋಶದ ಮಾತು ಬಂದದ್ದರಿಂದ ನಮ್ಮ ಮಳೆಯ ಮಾತನ್ನೂ ಆಡಬೇಕು. ಭಾರತದ 19 ನಗರಗಳ 27 ಕೇಂದ್ರಗಳು ಸೇರಿ 1,084 ಶ್ವಾಸಕೋಶ ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಲ್ಲರೂ ಶ್ವಾಸಕೋಶದ ಗಾಳಿಚೀಲಗಳ ನಡುವಿನ ಜಾಗ ಊದಿಕೊಳ್ಳುವ ಅಥವಾ ನಾರುಗಟ್ಟುವ ಕಾಯಿಲೆಯವರು. ಪಾಶ್ಚಾತ್ಯ ಪುಸ್ತಕಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಐಪಿಎಫ್ ಇಲ್ಲಿ ಶೇ 13.7 ಮಾತ್ರ. ಶೇ 47.3 ಜನರಲ್ಲಿ ಇದ್ದದ್ದು ಅತಿಸಂವೇದನೆಯ ನ್ಯುಮೋನೈಟಿಸ್: ಉಸಿರಿನಲ್ಲಿ ಒಳಹೋಗುವ ಬೂಸ್ಟಿನ ಕಣ, ಹಕ್ಕಿಯ ಪುಕ್ಕ ಮತ್ತು ಹಿಕ್ಕೆಯ ಪುಡಿ ಇಂಥವಕ್ಕೆ ಟಿ ಕೋಶಗಳು ತೋರುವ ಅತಿಯಾದ ಸಿಟ್ಟು. ಅವರಲ್ಲಿ ಅರ್ಧದಷ್ಟು ಮಂದಿ ಏರ್ ಕೂಲರ್ ಬಳಸುವವರು. ಕೂಲರಿನ ಒದ್ದೆ ಪದರದಲ್ಲಿ ಬೆಳೆಯುವ ಬೂಸ್ಟಿನ ಮೇಲೆ ಗುಮಾನಿ.

ಕೊಡಗಿನಲ್ಲಿ ಕೂಲರ್ ಕೊಳ್ಳುವವರು ಯಾರಿದ್ದಾರೆ? ನಮ್ಮಲ್ಲಿ ಮನೆಯೇ ಕೂಲರ್. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಮಡಿಕೇರಿಯ ಸುತ್ತ ಆಷಾಢ ಕಳೆಯುವಷ್ಟರಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟು ಹಸಿರಾಗುತ್ತದೆ, ಗೋಡೆಯಲ್ಲಿ ಕಪ್ಪು ನಕ್ಷೆ ಮೂಡುತ್ತದೆ, ಕೊಟ್ಟಿಗೆಯ ಅಟ್ಟದ ಹುಲ್ಲಿನ ಕಂತೆ ಬಿಚ್ಚಿದರೆ ಬಿಳಿ ಹೊಗೆಯಂತೆ ಬೂಸ್ಟಿನ ಪುಡಿ ಏಳುತ್ತದೆ. ಹಿಂದೆ ಒಲೆಯ ಹೊಗೆ ಮಾಡನ್ನು ಒಣಗಿಸುತ್ತಿತ್ತು. ಈಗ ಗ್ಯಾಸ್ ಒಲೆ, ಕಾಂಕ್ರೀಟ್ ಛಾವಣಿ, ಮುಚ್ಚಿದ ಕಿಟಕಿ. ಹೊಗೆಯನ್ನು ಹೊಗಳುತ್ತಿಲ್ಲ, ಅದೂ ಶ್ವಾಸಕೋಶಕ್ಕೆ ಬೇರೆ ರೀತಿಯ ಕತ್ತಿಯೇ. ಮಳೆಗಾಲದಲ್ಲಿ ಹೆಚ್ಚುವ, ಊರು ಬಿಟ್ಟು ಮಗಳ ಮನೆಗೆ ಮೈಸೂರಿಗೆ ಹೋದಾಗ ಕಡಿಮೆಯಾಗುವ ಒಣಕೆಮ್ಮು ಇದ್ದವರು ಡಾಕ್ಟರ ಹತ್ತಿರ ಬೂಸ್ಟಿನ ಸಂಗತಿಯನ್ನೂ ಹೇಳಿದರೆ ಒಳ್ಳೆಯದು ಎಂಬುದಷ್ಟೇ ನನ್ನ ಮಾತು. ಏಕೆಂದರೆ ಈ ಕಾಯಿಲೆಯಲ್ಲಿ, ನಾರುಗಟ್ಟುವ ಮೊದಲೇ ಕೆಣಕುವ ವಸ್ತುವನ್ನು ದೂರ ಮಾಡಿದರೆ ಶ್ವಾಸಕೋಶ ಬಹುಮಟ್ಟಿಗೆ ಮೊದಲಿನಂತಾಗಬಹುದು, ಆ ಹಂತದಲ್ಲಿ ಸ್ಟೀರಾಯ್ಡ್ ಕೂಡ ಉಪಯೋಗಕ್ಕೆ ಬರುತ್ತದೆ. ಐಪಿಎಫ್‌ನಲ್ಲಿ ಕೇಡು ಮಾಡಿದ ಮದ್ದಿನ ಬಳಗದ್ದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಎಕ್ಸ್-ರೇಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಂಡರೂ, ಒಂದರಲ್ಲಿ ದಂಡು ಇನ್ನೂ ಅಂಗಳದಲ್ಲಿದೆ, ಇನ್ನೊಂದರಲ್ಲಿ ದಂಡು ಹೋದ ಮೇಲೂ ಕಟ್ಟಡದ ಕೆಲಸ ನಡೆಯುತ್ತಿದೆ.

ಮೂತ್ರಪಿಂಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಕೊನೆಗೆ ಅದೇ ನಾರಿನ ದಾರಿ ಹಿಡಿಯುತ್ತವೆ ಎಂದರೆ ಸಾಕು.

ಹಾಗಾದರೆ ಗೆಲುವು ಎಲ್ಲೂ ಇಲ್ಲವೇ? ಇದೆ, ಮತ್ತು ಅದು ಬಂದ ದಾರಿ ಗಮನಿಸುವಂಥದ್ದು. ಹೆಪಟೈಟಿಸ್ ಬಿ ವೈರಸ್ಸನ್ನು ಟೆನೊಫೊವಿರ್ ಮಾತ್ರೆಯಿಂದ ಐದು ವರ್ಷ ಅದುಮಿಟ್ಟು, ಮೊದಲೂ ಕೊನೆಗೂ ಯಕೃತ್ತಿನ ಚೂರು ತೆಗೆದು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಸಿರೋಸಿಸ್ ಇದ್ದವರು 96 ಮಂದಿ. ಐದು ವರ್ಷದ ನಂತರ ಅವರಲ್ಲಿ 71 ಮಂದಿಗೆ ಸಿರೋಸಿಸ್ ಇರಲಿಲ್ಲ. ನಾನು ಓದುವಾಗ ಸಿರೋಸಿಸ್ ಎಂದರೆ ಹಿಂತಿರುಗದ ದಾರಿ ಎಂದೇ ಬರೆದು ಅಂಕ ಪಡೆದಿದ್ದೆ. ನಾನೂ ಅದನ್ನೇ ಹತ್ತಾರು ಬ್ಯಾಚಿಗೆ ಬರೆಸಿದೆ. ಆ ಟಿಪ್ಪಣಿಯನ್ನು ಈಗ ಹಿಂತೆಗೆದುಕೊಳ್ಳುತ್ತೇನೆ. ತೀರ ಹಳತಾಗಿ ಎಳೆ ಎಳೆ ಬೆಸೆದುಕೊಂಡ ನಾರು ಕರಗುವುದು ಕಷ್ಟ, ನಿಜ. ಆದರೆ ಎಳೆಯ ಕಲೆ ಕರಗುತ್ತದೆ.

ಟೆನೊಫೊವಿರ್ ನಾರಿನ ಮೈ ಮುಟ್ಟುವುದಿಲ್ಲ, ಭಕ್ಷಕ ಕೋಶಕ್ಕೆ ಬುದ್ಧಿ ಹೇಳುವುದೂ ಇಲ್ಲ. ಕತ್ತಿಯನ್ನು ಕಸಿದುಕೊಂಡಿತು, ಅಷ್ಟೇ. ಉಳಿದ ಕೆಲಸವನ್ನು ಒರೆಸುವ ಬಟ್ಟೆ ಹಿಡಿದ ಭಕ್ಷಕ ಕೋಶಗಳೇ ಮಾಡಿಕೊಂಡವು ಎಂದು ಇಲಿಗಳ ಪ್ರಯೋಗ ನೋಡಿದ ಮೇಲೆ ಊಹಿಸಬಹುದು. ಕೊಬ್ಬಿನ ಯಕೃತ್ತಿಗೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ ರೆಸ್ಮೆಟಿರೋಮ್, 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ಎರಡರಲ್ಲಿ ಮೊದಲನೆಯದು ಮುಖ್ಯವಾಗಿ ಯಕೃತ್ತಿನ ಕೊಬ್ಬನ್ನು, ಎರಡನೆಯದು ತೂಕವನ್ನು ಹಿಡಿಯುವ ಔಷಧ. ನೇರವಾಗಿ ರೋಗನಿರೋಧಕ ಕೋಶಗಳಿಗೆ ಗುರಿಯಿಟ್ಟವು ಬಿದ್ದುಹೋದ ಕಣದಲ್ಲಿ ಗೆದ್ದು ಬಂದವು ಇವು. ಗೆಲುವೂ ಅಳತೆಯದೇ: ಸೆಮಾಗ್ಲುಟೈಡ್ ಪಡೆದವರಲ್ಲಿ ಶೇ 36.8 ಮಂದಿಗೆ ನಾರು ಒಂದು ಹಂತವಾದರೂ ಇಳಿಯಿತು, ಹುಸಿ ಮದ್ದು ಪಡೆದವರಲ್ಲಿ ಶೇ 22.4. ಮದ್ಯದಿಂದ ಬಂದ ಕಲೆಗೆ ಇಂಥ ಮಾತ್ರೆ ಇಲ್ಲ, ಬಾಟಲಿಯನ್ನು ಬಿಡುವುದೇ ಟೆನೊಫೊವಿರ್. ಹೆಪಟೈಟಿಸ್ ಬಿ, ಸಿ ಇದ್ದವರಿಗೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 2018ರಿಂದ ಉಚಿತ ಪರೀಕ್ಷೆ, ಔಷಧ ಇದೆ ಎಂಬುದನ್ನೂ ಸೇರಿಸುತ್ತೇನೆ.

ಇದೆಲ್ಲ ಬಲ್ಲವನಿಗೆ ಅಂಗಡಿಗಳ ಕಪಾಟಿನಲ್ಲಿ ಸಾಲಾಗಿ ನಿಂತ ಇಮ್ಯುನಿಟಿ ಬೂಸ್ಟರ್ ಡಬ್ಬಗಳನ್ನು ಕಂಡಾಗ ಮೈ ಉರಿಯುತ್ತದೆ. ರೋಗನಿರೋಧಕ ಶಕ್ತಿ ರೇಡಿಯೋದ ವಾಲ್ಯೂಮ್ ಇದ್ದಂತೆ, ತಿರುಗಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಕೋವಿಡ್ ಕಾಲದಲ್ಲಿ ಮನೆಮನೆಗೂ ಹೊಕ್ಕಿತು. ಯಾವ ಕೋಶದ ಶಕ್ತಿ, ಯಾವ ಹೊತ್ತಿನಲ್ಲಿ, ಬಳಪ ಹಿಡಿದವನದ್ದೋ ಬಟ್ಟೆ ಹಿಡಿದವನದ್ದೋ ಎಂದು ಡಬ್ಬದ ಮೇಲೆ ಬರೆದಿರುವುದಿಲ್ಲ. ಅಮೃತಬಳ್ಳಿ ಸೇವಿಸಿದ ಮೇಲೆ ಯಕೃತ್ತಿಗೆ ಪೆಟ್ಟಾದ 43 ರೋಗಿಗಳ ವಿವರಗಳನ್ನು ಭಾರತದ 13 ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಹಲವರಲ್ಲಿ ಕಂಡದ್ದು, ರೋಗನಿರೋಧಕ ವ್ಯವಸ್ಥೆ ಸ್ವಂತ ಯಕೃತ್ತಿನ ಮೇಲೆಯೇ ತಿರುಗಿಬಿದ್ದಾಗ ಕಾಣುವ ಲಕ್ಷಣಗಳು. ಆಯುಷ್ ಸಚಿವಾಲಯ ಅಮೃತಬಳ್ಳಿಯ ಮೇಲಿನ ಇಂಥ ಆರೋಪಗಳನ್ನು ಒಪ್ಪಲಿಲ್ಲ. ಬೇಲಿಯ ಮೇಲಿನ ಬಳ್ಳಿಯೊಂದಿಗೆ ನನಗೆ ಜಗಳವಿಲ್ಲ. ಯಕೃತ್ತು ಮೊದಲೇ ಒರಟಾಗಿರುವವನು ಶಕ್ತಿ ಹೆಚ್ಚಿಸಲೆಂದು ದಿನವೂ ಕಷಾಯ ಕುಡಿಯುವುದರ ಜೊತೆಗೆ ಇದೆ. ರೈಟರ್ ಎರಡು ತಿಂಗಳಿನಿಂದ ಕುಡಿಯುತ್ತಿದ್ದರಂತೆ, ಯಾರೋ ಲಿವರಿಗೆ ಒಳ್ಳೆಯದು ಎಂದಿದ್ದರಂತೆ. ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಡಾಕ್ಟರು ಕೇಳಲೂ ಇಲ್ಲವಂತೆ.

ಕಾಫಿಯ ವಿಷಯವನ್ನು ಮಾತ್ರ ಖುಷಿಯಿಂದ ಹೇಳಿದೆ. ಬ್ರಿಟನ್ನಿನಲ್ಲಿ ಸುಮಾರು 4.95 ಲಕ್ಷ ಜನರನ್ನು ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಫಿ ಕುಡಿಯುವವರಿಗೆ ದೀರ್ಘಕಾಲದ ಯಕೃತ್ತಿನ ಕಾಯಿಲೆಯ ಸಂಭವ ಕುಡಿಯದವರಿಗಿಂತ ಶೇ 21 ಕಡಿಮೆಯಿತ್ತು. ಗಮನಿಸಿ ಬರೆದದ್ದೇ ಹೊರತು ಪ್ರಯೋಗ ಮಾಡಿದ್ದಲ್ಲ, ಕಾಫಿಯೇ ಕಾರಣ ಎಂದು ಹೇಳಲಾಗದು ಎಂದು ಎಚ್ಚರಿಸಿದೆ. ರೈಟರ್‌ಗೆ ಎಚ್ಚರಿಕೆ ಕೇಳಿಸಲಿಲ್ಲ. "ಒಂದಾದರೂ ಬಿಡಬೇಕಾಗಿಲ್ಲವಲ್ಲ" ಎಂದು ಬೆಲ್ಲದ ಕಾಫಿಯ ಲೋಟ ಖಾಲಿ ಮಾಡಿದರು.

ಆಮೇಲೆ ಮೊಂಬತ್ತಿ ಹತ್ತಿರ ಸರಿಸಿ ರಕ್ತಪರೀಕ್ಷೆಯ ಹಾಳೆ ನೋಡಿದೆವು. ಅದರಲ್ಲಿದ್ದ ಮೂರು ಸಂಖ್ಯೆ, ಜೊತೆಗೆ ವಯಸ್ಸು, ಇಷ್ಟರಿಂದ ಯಕೃತ್ತಿನ ನಾರನ್ನು ಅಂದಾಜು ಮಾಡುವ ಫಿಬ್-4 ಎಂಬ ಲೆಕ್ಕವಿದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂದರೆ ಪೆಟ್ಟಾದ ಯಕೃತ್ತಿನಿಂದ ರಕ್ತಕ್ಕೆ ಸೋರುವ ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ರೈಟರ್ ವಯಸ್ಸು 52, ಎಸ್‌ಜಿಒಟಿ 64, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.6 ಲಕ್ಷ ಅಂದರೆ 160 ಸಾವಿರ. ಅವರೇ ಪೆನ್ನು ತೆಗೆದರು. ತೋಟದ ಸಂಬಳದ ಲೆಕ್ಕ ಬರೆಯುವ ಕೈ. ವರದಿಯ ಲಕೋಟೆಯ ಹಿಂಭಾಗದಲ್ಲಿ ಐವತ್ತೆರಡು ಅರವತ್ತನಾಲ್ಕಲೆ 3,328 ಎಂದು ಬರೆದರು. 49ರ ವರ್ಗಮೂಲ 7 ಎಂದು ನಾನು ಹೇಳಿದೆ, ನೂರ ಅರವತ್ತು ಏಳಲೆ 1,120 ಎಂದು ಅವರು ಬರೆದರು. ಭಾಗಿಸಿದಾಗ 2.97 ಬಂತು.

1.3ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ನಾರುಗಟ್ಟುವಿಕೆ ಇರುವ ಸಂಭವ ಕಡಿಮೆ, 2.67 ದಾಟಿದರೆ ತಜ್ಞರನ್ನು ಕಾಣಬೇಕು ಎಂಬುದು ರೂಢಿ. ಪ್ಲೇಟ್‌ಲೆಟ್ ಯಾಕೆ ಲೆಕ್ಕದಲ್ಲಿದೆ ಎಂದು ಕೇಳಿದರು. ಯಕೃತ್ತಿನ ಹಿಂದೆ ಒತ್ತಡ ಏರಿ ಗುಲ್ಮ ಊದಿದಾಗ ಪ್ಲೇಟ್‌ಲೆಟ್‌ಗಳು ಅಲ್ಲಿ ಸಿಕ್ಕಿಬೀಳುತ್ತವೆ, ರಕ್ತದಲ್ಲಿ ಕಡಿಮೆಯಾಗುತ್ತವೆ ಎಂದೆ. ಇತ್ತೀಚೆಗೆ ಜ್ವರ ಬಂದಿತ್ತೇ ಎಂದು ನಾನು ಕೇಳಿದೆ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ, ಲೆಕ್ಕ ಸುಳ್ಳು ಹೇಳುತ್ತದೆ. ರಕ್ತ ಕೊಡುವ ಹಿಂದಿನ ವಾರ ಹೆಚ್ಚು ಕುಡಿದಿದ್ದರೂ ಅಷ್ಟೇ. ಜ್ವರ ಬಂದಿರಲಿಲ್ಲ. ಎರಡನೆಯ ಪ್ರಶ್ನೆಗೆ ಅವರು ಮಳೆಯ ಕಡೆ ನೋಡಿದರು.

ಯಕೃತ್ತಿನ ಗಡಸುತನ ಅಳೆಯುವ ಸ್ಕ್ಯಾನ್ ಒಂದನ್ನು ಮಾಡಿಸಿ, ಕುಡಿತವನ್ನು ಪೂರ್ತಿ ಬಿಟ್ಟು, ಆರು ತಿಂಗಳ ನಂತರ ಮತ್ತೆ ಅಳೆಸಿ ಎಂದು ಡಾಕ್ಟರು ಬರೆದಿದ್ದರು. ಆ ಆರು ತಿಂಗಳು ಏಕೆ ಎಂದು ಈಗ ರೈಟರ್‌ಗೆ ಗೊತ್ತಾಗಿತ್ತು. ಬೆರಳು ಮಡಚಿ ಎಣಿಸಿದರು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಜನವರಿಗೆ ಬಂದು ನಿಂತರು. ರೊಬಸ್ಟಾ ಕೊಯ್ಲಿನ ನಡುಮಧ್ಯ, ಕಣ ಬಿಟ್ಟು ಹೋಗಲಾಗದ ಕಾಲ. ಒಂದು ದಿನದ ರಜೆ ಸಾಹುಕಾರರು ಕೊಟ್ಟಾರು, ಅದು ದೊಡ್ಡದಲ್ಲ ಎಂದರು. ಹಾಳೆಗಳನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಅಂಗಿಯೊಳಗಿಟ್ಟು, ಕೊಡೆ ಬಿಡಿಸಿ ಮೆಟ್ಟಿಲಿಳಿದವರು ಅಂಗಳದಲ್ಲಿ ತಿರುಗಿ ನಿಂತರು.

"ನಡುವೆ ಹುತ್ತರಿ ಹಬ್ಬ ಬರುತ್ತದಲ್ಲ, ಮೇಷ್ಟ್ರೇ."